ಯಲ್ಲಪ್ಪನವರ ಕತ್ತಿನ ಲೈನು

ಯಲ್ಲಪ್ಪ ಬೆಟಗೇರಿಯವರು ಯಾರ ಮನೆಗೆ ಹೋದರೂ ಮೊದಲು ನಲ್ಲಿ ತಿರುಗಿಸಿ ನೋಡುತ್ತಾರೆ. ಚಹಾ, ಕುಶಲಪ್ರಶ್ನೆ ಎಲ್ಲ ಆಮೇಲೆ. ಟ್ಯಾಂಕು ಎಷ್ಟು ತುಂಬಿದೆ, ವಾಷರ್ ಎಷ್ಟು ಸವೆದಿದೆ, ಮನೆಯ ಯಜಮಾನ ಎಷ್ಟು ಸೋಮಾರಿ ಎಂಬ ಮೂರೂ ಅವರಿಗೆ ಅಷ್ಟರಲ್ಲೇ ತಿಳಿದುಬಿಡುತ್ತದೆ. ಲಕ್ಷ್ಮೀ ನಗರದ ನಮ್ಮ ಕಟ್ಟಡದಲ್ಲಿ ಅವರದು ಮೊದಲ ಮಹಡಿ, ನಮ್ಮದು ಎರಡನೆಯದು. ನಮ್ಮ ಬಚ್ಚಲಿನ ಪೈಪು ಸೋರುವುದು ನಮಗಿಂತ ಒಂದು ವಾರ ಮೊದಲು ಅವರಿಗೆ ಗೊತ್ತಾಗಿರುತ್ತದೆ. ಅವರ ಚಾವಣಿ ಒದ್ದೆಯಾಗುವುದು ಅದಕ್ಕೆ ಒಂದು ಕಾರಣ, ಆದರೆ ಒಂದೇ ಕಾರಣವಲ್ಲ.

ಇಪ್ಪತ್ಮೂರನೆಯ ವಯಸ್ಸಿನಲ್ಲಿ ಅವರು ಗದಗ ಬಿಟ್ಟು ನಾಗಪುರದ ಆರ್ಡನೆನ್ಸ್ ಫ್ಯಾಕ್ಟರಿಗೆ ಫಿಟ್ಟರ್ ಆಗಿ ಬಂದರು. ಮೂವತ್ತೇಳು ವರ್ಷ ದುಡಿದು ಫಿಟ್ಟರುಗಳ ಮೇಲ್ವಿಚಾರಕ, ಅಂದರೆ ಚಾರ್ಜ್‌ಮನ್ ಆಗಿ ನಿವೃತ್ತರಾದರು. ಮದ್ದುಗುಂಡು ತಯಾರಾಗುವ ಜಾಗದಲ್ಲಿ ಅಷ್ಟು ವರ್ಷ ಇದ್ದರೂ ಅವರು ಮುಟ್ಟಿದ್ದು ನೀರಿನ ಮತ್ತು ಹಬೆಯ ಪೈಪುಗಳನ್ನು ಮಾತ್ರ. “ಅವರದು ಗುಂಡು, ನಮ್ಮದು ಗುಂಡಿ,” ಎಂದು ನಗುತ್ತಾರೆ. ಗುಂಡಿ ತೋಡುವುದು, ಪೈಪು ಹೂಳುವುದು, ಕೆಟ್ಟರೆ ಮತ್ತೆ ತೋಡುವುದು.

ಅವರ ಕಸುಬಿಗೆ ಒಂದೇ ಮಂತ್ರ: “ಕೊಯ್ದು ನೋಡಬೇಕ್ರಿ.” ಯಾವುದಾದರೂ ಲೈನಿನ ಮೇಲೆ ಅನುಮಾನ ಬಂದರೆ ಅಳತೆ, ನಕ್ಷೆ, ಸಾಹೇಬರ ಅಭಿಪ್ರಾಯ ಯಾವುದಕ್ಕೂ ಅವರು ಕಿವಿಗೊಡುತ್ತಿರಲಿಲ್ಲ. ಗೇಣುದ್ದ ಪೈಪು ಕತ್ತರಿಸಿ ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿಯುತ್ತಿದ್ದರು. ಒಳಗೆ ಬಿಳಿ ಉಪ್ಪು ಕಟ್ಟಿ ಒಂದಿಂಚಿನ ತೂತು ಪೆನ್ಸಿಲ್ ಹೋಗದಷ್ಟು ಸಣ್ಣದಾಗಿದ್ದರೆ ಅದನ್ನು ಸಾಹೇಬರ ಮೇಜಿನ ಮೇಲಿಟ್ಟು ಮಾತಿಲ್ಲದೆ ಹೊರಗೆ ಬರುತ್ತಿದ್ದರು.

ತಮ್ಮ ದೇಹವನ್ನೂ ಅವರು ಇದೇ ಲೆಕ್ಕದಲ್ಲಿ ನಡೆಸಿದರು. ಬಿಪಿ ಇದೆ ಎಂದು ವೈದ್ಯರು ಹೇಳಿ ಹದಿನಾಲ್ಕು ವರ್ಷವಾಗಿತ್ತು. ತಲೆನೋವು ಬಂದ ದಿನ ಅದರ ಮಾತ್ರೆ ನುಂಗುತ್ತಿದ್ದರು, ಬರದ ದಿನ ಇಲ್ಲ. ಲೀಕ್ ಇಲ್ಲದ ಕಡೆ ಯಾರಾದರೂ ಪಟ್ಟಿ ಸುತ್ತುತ್ತಾರೆಯೇ? ಕೊಲೆಸ್ಟ್ರಾಲಿನ ಮಾತ್ರೆಯನ್ನು ಮಾತ್ರ ಮುಟ್ಟಲೇ ಇಲ್ಲ. ಫ್ಯಾಕ್ಟರಿಯಲ್ಲಿ ಉಪ್ಪು ಕಟ್ಟಿದ ಪೈಪನ್ನು ಆ್ಯಸಿಡ್ ಹಾಕಿ ತೊಳೆಯುತ್ತಿದ್ದುದರಿಂದ ತಾವೂ ದಿನಾ ಬೆಳಿಗ್ಗೆ ಎರಡು ನಿಂಬೆಹಣ್ಣು ಹಿಂಡಿಕೊಂಡು ಕುಡಿಯುತ್ತಿದ್ದರು. “ನಿಂಬಿಹುಳಿ ಸುಣ್ಣದ ಕಲ್ಲು ಕರಗಸ್ತೈತಿ, ಕೊಬ್ಬು ಯಾವ ಲೆಕ್ಕ?” ಹೀಗೆ ಲೈನು ತೊಳೆದಾಯಿತು ಎಂಬ ಧೈರ್ಯದ ಮೇಲೆ ಬೆಳಗಿನ ಅವಲಕ್ಕಿ ಪೋಹೆಗೆ ಎಣ್ಣೆ ತೇಲುವ ಖಾರದ ತರ್ರಿ ಸಾರು, ಭಾನುವಾರ ಸಾವಜಿ ಮಟನ್. ಸಾವಜಿ ಊಟ ಗದಗಿನಲ್ಲೂ ಇದ್ದುದರಿಂದ ನಾಲಗೆಯ ಮಟ್ಟಿಗೆ ಅವರು ಊರು ಬಿಟ್ಟೇ ಇರಲಿಲ್ಲ. ಉಳಿದ ಹೊತ್ತೆಲ್ಲ ಖರ್ರಾ. ಅಡಿಕೆಚೂರು, ತಂಬಾಕು, ಸುಣ್ಣ ಮೂರನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಅಂಗೈಯಲ್ಲಿ ಉಜ್ಜಿ ಉಜ್ಜಿ ಕೊಡುವ ನಾಗಪುರದ ಈ ಪ್ರಸಾದವನ್ನು ಅವರು ಮೂವತ್ತೈದು ವರ್ಷ ಭಕ್ತಿಯಿಂದ ಸ್ವೀಕರಿಸಿದ್ದರು.

ಅದು ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಯಲ್ಲಪ್ಪನವರು ಬಾಲ್ಕನಿಯಲ್ಲಿ ಕೂಲರ್ ಬಿಚ್ಚಿಕೊಂಡು ಕುಳಿತಿದ್ದರು. ಹೆಂಡತಿ ಭಾನುಮತಿಯವರು ಬಜಾಜ್ ನಗರದಲ್ಲಿ ಯಾರದೋ ಮನೆಯ ಅರಿಸಿನ ಕುಂಕುಮಕ್ಕೆ ಹೋಗಿದ್ದರು. ಮಗ ಹೃಷಿಕೇಶನಿಗೆ ಕನ್ಹಾನ್ ಕಡೆಯ ಕಾರ್ಖಾನೆಯಲ್ಲಿ ಡ್ಯೂಟಿ. ಮನೆಯಲ್ಲಿದ್ದವಳು ಸೊಸೆ ಚಾರುಲತಾ ಒಬ್ಬಳೇ. ಅವಳು ಮರಾಠಿ ಮನೆಯ ಹುಡುಗಿ. ಅತ್ತೆಯಿಂದ ಮನೆಮಟ್ಟಿನ ಕನ್ನಡ ಕಲಿತಿದ್ದಾಳೆ. ಮಾವನ ಕನ್ನಡ ಮಾತ್ರ ಅವಳಿಗೆ ದಕ್ಕಿಲ್ಲ. ಯಲ್ಲಪ್ಪನವರು ಸಮಾಧಾನದಲ್ಲಿದ್ದಾಗ ಸೊಸೆಯೊಂದಿಗೆ ಮರಾಠಿ ಮಾತನಾಡುತ್ತಾರೆ. ಸಿಟ್ಟು ಬಂದರೆ ಗದಗಿಗೆ ಹೋಗಿಬಿಡುತ್ತಾರೆ. ಇದು ಆ ಮನೆಯ ಪದ್ಧತಿ. ಕನ್ನಡ ಕೇಳಿಸಿತು ಎಂದರೆ ಬೈಗುಳ ಎಂದು ತಿಳಿದು ಅವಳು ಅಡಿಗೆಮನೆ ಸೇರುತ್ತಾಳೆ, ಅಲ್ಲಿಗೆ ಜಗಳ ಮುಗಿಯುತ್ತದೆ.

ಸೋರಿಕೆ ನೋಡಲು ನೀರು ಬಿಟ್ಟಿದ್ದ ಕೂಲರಿನ ಟ್ಯಾಂಕು ತುಂಬಿ ಉಕ್ಕಿತು. “ನಳ ಬಂದ್ ಕರ, ಬಾಳಾ” ಎಂದು ಸೊಸೆಗೆ ಮರಾಠಿಯಲ್ಲಿ ಹೇಳಬೇಕೆಂದು ಯಲ್ಲಪ್ಪನವರು ತಿರುಗಿದರು. ಬಲಗೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಠಣ್ ಎಂದು ಕೆಳಗೆ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳುಗಳು ಬೇರೆ ಯಾರದೋ ಕೈಯವು ಎಂಬಂತೆ ಸುಮ್ಮನಿದ್ದವು. ಬಾಯಿ ತೆರೆದರು. ಚಾರುಲತಾಳಿಗೆ ಕೇಳಿಸಿದ್ದು ಏನೋ ಜೋರು ಜೋರು ಕನ್ನಡ. ಒಂದೇ ಮಾತನ್ನು ಮೂರು ಸಲ, ಪ್ರತಿ ಸಲವೂ ಇನ್ನಷ್ಟು ಕೆಂಪು ಮುಖ ಮಾಡಿಕೊಂಡು. ನಲ್ಲಿ ಬಂದ್ ಮಾಡಲು ತಡಮಾಡಿದ್ದಕ್ಕೆ ಇಷ್ಟೊಂದು ಬೈಯಬೇಕೇ ಎಂದು ಅವಳಿಗೆ ಅಳು ಬಂತು. ನಲ್ಲಿ ನಿಲ್ಲಿಸಿ, ಪದ್ಧತಿಯಂತೆ, ಅಡಿಗೆಮನೆ ಸೇರಿದಳು.

ಹತ್ತು ನಿಮಿಷದ ಮೇಲೆ ಇಣುಕಿದಾಗ ಮಾವ ಪಾನಾ ಹಿಡಿದು ನಟ್ಟು ಬಿಗಿಮಾಡುತ್ತಿದ್ದರು. “ಚಹಾ ಟಾಕತೇಸ್ ಕಾ, ಬಾಳಾ?” ಎಂದು ಮರಾಠಿಯಲ್ಲೇ ಮೃದುವಾಗಿ ಚಹಾ ಕೇಳಿದರು. ಅವಳು ಮುಖ ತಿರುಗಿಸಿಕೊಂಡು ಒಲೆಯ ಮೇಲೆ ಚಹಾ ಇಟ್ಟಳು.

ಭಾನುಮತಿಯವರು ಬಂದಾಗ ಹನ್ನೊಂದು ಗಂಟೆ. ಸೊಸೆಯ ಮುಖ ನೋಡಿ, “ಏನಾತವಾ?” ಎಂದರು.

“ಆಯಿ, ಬಾಬಾ ನನಗ ಭಾರಿ ಬೈದರು. ಬೈಲಿ. ಆದರ ಅದರ ಅರ್ಥ ನನಗ ಬೇಕು. ಇವತ್ತು ನನಗ ಬೇಕ ಬೇಕು.”

“ಏನಂದ್ರು?”

ಚಾರುಲತಾಳಿಗೆ ಶಾಲೆಯಲ್ಲಿ ಸಂಗೀತದ ಬಹುಮಾನ ಬಂದಿತ್ತು. ಕೇಳಿದ್ದನ್ನು ಕೇಳಿದಂತೆ ಒಪ್ಪಿಸಬಲ್ಲಳು. “ಬುಗಡಿ ತ್ವಾಟ ಚಪ್ಪು ಚಪ್ಪು ನೆಗ್ಗ. ಮೂರು ಸಲ ಅಂದರು. ಬಹಳ ಹೊಲಸು ಮಾತು ಇರಬೇಕಲ್ಲ?”

ಭಾನುಮತಿಯವರು ಕೈಯಲ್ಲಿದ್ದ ಅರಿಸಿನ ಕುಂಕುಮದ ಪೊಟ್ಟಣವನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. “ಇದು ಬೈಗಳಲ್ಲ,” ಎಂದರು. “ನಲವತ್ತು ವರ್ಷ ಅವರ ಕಡಿಂದ ಬೈಸಿಕೊಂಡೀನಿ. ನನಗ ಗೊತ್ತಿಲ್ಲದ ಬೈಗಳ ಅವರ ಹತ್ರ ಇಲ್ಲ. ಇದು ಕನ್ನಡನೂ ಅಲ್ಲ. ಕೈಯಾಗ ಏನರ ಇತ್ತೇನು ಆವಾಗ?”

“ಪಾನಾ ಇತ್ತು. ಬಿತ್ತು.”

“ಯಾವ ಕೈ?”

“ಬಲಗೈ.”

ಭಾನುಮತಿಯವರಿಗೆ ತಮ್ಮ ಸೋದರಮಾವ ರಾಮಣ್ಣನ ನೆನಪಾಯಿತು. ರಾಮಣ್ಣನಿಗೂ ಒಂದು ಬೆಳಿಗ್ಗೆ ಮಾತು ತೊದಲಿ, ಕೈ ಜೋತು, ಕಾಲು ಗಂಟೆಯಲ್ಲಿ ಎಲ್ಲ ಸರಿಯಾಗಿತ್ತು. ಸರಿಯಾಯಿತಲ್ಲ ಎಂದು ಉಂಡು ಮಲಗಿದರು. ಮೂರನೆಯ ದಿನ ಎದ್ದಾಗ ಬಲಭಾಗ ಸತ್ತಿತ್ತು. ಮುಂದಿನ ಆರು ವರ್ಷ ಅವರ ಬಾಯಲ್ಲಿ ಉಳಿದದ್ದು ‘ಆತು’ ಎಂಬ ಒಂದೇ ಮಾತು. ಊಟ ಬೇಕೆ ಎಂದರೂ ಆತು, ನೋವೇ ಎಂದರೂ ಆತು.

ಬಾಲ್ಕನಿಯಲ್ಲಿ ಆರಂಭವಾದ ವಾದ ಎರಡನೆಯ ಮಹಡಿಗೂ ಕೇಳಿಸಿತು. ನಾನು ಕೆಳಗಿಳಿದು ಬಂದಾಗ ಯಲ್ಲಪ್ಪನವರು ಪಾನಾ ಬೀಸಿ ಬೀಸಿ ಪಾಠ ಹೇಳುತ್ತಿದ್ದರು.

“ಏ ಭಾನೂ, ಅದು ಏರ್‌ಲಾಕ್. ಲೈನಿನಾಗ ಗಾಳಿ ಸಿಕ್ಕಂದ್ರ ನಳ ಕೆಮ್ಮತೈತಿ, ಪುಸ್ ಪುಸ್ ಅಂತೈತಿ. ಗಾಳಿ ಪಾರಾತು ಅಂದ್ರ ತಾನ ಧೋ ಅಂತ ಬರ್ತೈತಿ. ಬಂತೋ ಇಲ್ಲೋ? ಮಾತಾಡಾಕತ್ತೀನೋ ಇಲ್ಲೋ?”

“ಮಾತಾಡಾಕತ್ತೀರಿ. ಅದಕ್ಕ ಈಗ ಹೋಗೂಣು. ಮಾತು ನಿಂತ ಮ್ಯಾಲ ಹೋದ್ರ ಡಾಕ್ಟರಿಗೆ ಏನು ಹೇಳಾವ್ರು, ಬುಗಡಿ ಅಂತೀರೇನು?”

“ನಾಳೆ ಸೋಮವಾರ ತೋರಸೂಣು. ಇವತ್ತು ಕೂಲರ್ ಬಿಚ್ಚೀನಿ.”

ನಳಕ್ಕೂ ರಕ್ತದ ನಾಳಕ್ಕೂ ಇರುವುದು ಒಂದು ದೀರ್ಘದಷ್ಟೇ ವ್ಯತ್ಯಾಸ. ಅವರ ದೀರ್ಘಾಯುಷ್ಯ ಆ ದೀರ್ಘದಲ್ಲಿ ಸಿಕ್ಕಿಕೊಂಡಿತ್ತು. ಅದರ ಮುಂದೆ ‘ನಾಳೆ’ ಎನ್ನಬಾರದು ಎಂದು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಭಾನುಮತಿಯವರಿಗಿತ್ತು. ಬಿಚ್ಚಿದ ಕೂಲರಿನ ನಟ್ಟುಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡರು. “ದವಾಖಾನಿಂದ ಬಂದ ಮ್ಯಾಲ ಕೊಡತೀನಿ,” ಎಂದು ಕೆಳಗಿಳಿದು ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತರು. ನಟ್ಟಿಲ್ಲದ ಚಾರ್ಜ್‌ಮನ್ ಇನ್ನೇನು ಮಾಡಿಯಾರು? ಹಿಂದೆ ಬಂದು ಕುಳಿತರು.

ಆಸ್ಪತ್ರೆಯಲ್ಲಿ ಅಂದು ಮೆದುಳು ನರಗಳ ವೈದ್ಯೆ ಶ್ರೀರಕ್ಷಾ ಇದ್ದರು. ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಬಂದು ಇಲ್ಲೇ ಉಳಿದವರ ಮಗಳು. ನಾಗಪುರದಲ್ಲಿ ಮರ್ಯಾದೆಗೆ ಪ್ರತಿ ಹೆಂಗಸಿನ ಹೆಸರಿಗೂ ಒಂದು ‘ಬಾಯಿ’ ಸೇರಿಸುತ್ತಾರೆ; ಈ ಡಾಕ್ಟರ್ ಬಾಯಿಗೆ ಅದು ನಿಜವಾಗಿಯೂ ಇತ್ತು. ಮಾತು, ಕೈ, ಮುಖ, ನಡಿಗೆ ಎಲ್ಲ ಪರೀಕ್ಷಿಸಿದರು. ಎಲ್ಲ ಸರಿಯಿತ್ತು. ಬಿಪಿ ನೂರ ಎಪ್ಪತ್ತಾರು.

ಅದನ್ನು ಕೇಳಿ ಯಲ್ಲಪ್ಪನವರು ಗೆದ್ದವರಂತೆ ಹೆಂಡತಿಯ ಕಡೆ ನೋಡಿದರು. “ಡಾಕ್ಟರ್ ಬಾಯಿ, ನಾ ಪೈಪಿನ ಮನಿಷಾ. ಲೈನ್ ಕಟ್ಟಿತು ಅಂದ್ರ ಪ್ರೆಶರ್ ಬೀಳಬೇಕು. ನಂದು ಏರೇತಿ. ಅಂದ್ರ ಲೈನ್ ಕ್ಲೀನ್. ಬರೋಬರ್?”

ಶ್ರೀರಕ್ಷಾ ಅವರನ್ನು ಕುತೂಹಲದಿಂದ ನೋಡಿದರು. ಇಷ್ಟು ಸರಿಯಾದ ತರ್ಕದಿಂದ ಇಷ್ಟು ತಪ್ಪು ತಲುಪಿದವರನ್ನು ಅವರು ನೋಡಿರಲಿಲ್ಲವೇನೋ. “ಕಾಕಾ, ನಾನು ಪ್ರೆಶರ್ ನೋಡಿದ್ದು ಪಂಪಿನ ಪಕ್ಕದಲ್ಲಿ, ತೋಳಿನಲ್ಲಿ. ಕೊನೇ ನಲ್ಲಿ ಹತ್ತಿರ ಅಲ್ಲ.”

ಯಲ್ಲಪ್ಪನವರ ಬಾಯಿ ಅರ್ಧ ತೆರೆದು ನಿಂತಿತು. ಈ ಸಲ ಕಾಯಿಲೆಯಿಂದಲ್ಲ.

“ಇನ್ನೊಂದು,” ಎಂದರು ವೈದ್ಯೆ. “ನಿಮ್ಮ ಪೈಪಿನಲ್ಲಿ ಉಪ್ಪು ಒಳಮೈ ಮೇಲೆ ಕೂರತ್ತೆ ಅಲ್ವಾ? ಇಲ್ಲಿ ಹಾಗಲ್ಲ. ರಕ್ತನಾಳದ ಒಳಮೈಗೆ ಒಂದು ಪದರ ಇದೆ, ಹಾಲಿನ ಕೆನೆಗಿಂತ ತೆಳು. ಏರಿದ ಪ್ರೆಶರ್, ತಂಬಾಕು, ಸಕ್ಕರೆ ಕಾಯಿಲೆ, ಇವೆಲ್ಲ ಅದನ್ನ ಹಾಳು ಮಾಡತ್ತೆ. ಹಾಳಾದ ಕಡೆ ರಕ್ತದಲ್ಲಿರೋ ಕೊಬ್ಬು ಒಳಗೆ ನುಗ್ಗತ್ತೆ. ಗೋಡೆ ಮೇಲೆ ಅಲ್ಲ, ಗೋಡೆಯ ಒಳಗೆ.”

“ಪೈಪಿನ ದಪ್ಪದಾಗ?”

“ದಪ್ಪದಲ್ಲೇ. ಅದನ್ನ ತೆಗೆಯೋಕೆ ಅಂತ ಬಿಳಿ ರಕ್ತಕಣಗಳು ಬರತ್ವೆ. ಕೊಬ್ಬು ತಿಂದು ತಿಂದು ಉಬ್ಬಿ ಅಲ್ಲೇ ಬಿದ್ದು ಸಾಯತ್ವೆ.”

“ಮದಿವಿ ಮನಿ ಬೀಗರ ಹಂಗ.”

“ಅವರಾದ್ರೂ ಮೂರು ದಿನಕ್ಕೆ ಹೋಗ್ತಾರೆ ಕಾಕಾ. ಇವು ಹೋಗಲ್ಲ. ವರ್ಷಗಟ್ಟಲೆ ಅಲ್ಲೇ ಗಂಟು ಬೆಳೆಯತ್ತೆ. ಮೇಲೆ ಒಂದು ಮುಚ್ಚಳದ ಹಾಗೆ ಚರ್ಮ ಕಟ್ಟತ್ತೆ.”

“ಹಂಗಾದ್ರ ತೂತು ಸಣ್ಣ ಆಗಬೇಕು. ಗೊತ್ತಾಗಬೇಕು.”

“ಕಬ್ಬಿಣ ಸತ್ತ ವಸ್ತು. ಇದು ಜೀವ ಇರೋ ಪೈಪು. ಗಂಟು ಬೆಳೆದ ಹಾಗೆ ಹೊರಗಡೆಗೆ ಉಬ್ಬಿ ಜಾಗ ಮಾಡಿಕೊಡತ್ತೆ. ಎಷ್ಟೋ ವರ್ಷ ತೂತು ಅಷ್ಟೇ ಇರತ್ತೆ, ಮನುಷ್ಯನಿಗೆ ಏನೂ ಗೊತ್ತಾಗಲ್ಲ. ಆಮೇಲೆ ಸಣ್ಣ ಆಗೋಕೆ ಶುರು. ಅದಕ್ಕಿಂತ ಕೆಟ್ಟದ್ದು, ಒಂದು ದಿನ ಮುಚ್ಚಳ ಬಿರಿಯತ್ತೆ. ರಕ್ತಕ್ಕೆ ಅದು ಗಾಯದ ಹಾಗೆ ಕಾಣತ್ತೆ, ಅಲ್ಲೇ ಹೆಪ್ಪುಗಟ್ಟತ್ತೆ. ಹೃದಯದ ನಾಳದಲ್ಲಿ ಹೀಗಾದ್ರೆ ಹಾರ್ಟ್ ಅಟ್ಯಾಕ್. ಕತ್ತಿನಲ್ಲಾದ್ರೆ ಹೆಪ್ಪಿನ ಚೂರು ಹಾರಿ ಮೆದುಳಿಗೆ ಹೋಗಿ ಸಿಕ್ಕಿಕೊಳ್ಳತ್ತೆ. ಅದೇ ಲಕ್ವಾ, ಪಾರ್ಶ್ವವಾಯು. ಬೆಳಿಗ್ಗೆ ನಿಮಗೆ ಬಂದಿದ್ದು ಗಾಳಿ ಅಲ್ಲ ಅನ್ನೋದು ನನ್ನ ಅಂದಾಜು. ಚಿಕ್ಕ ಚೂರು. ಪುಣ್ಯಕ್ಕೆ ಕರಗಿತು. ದೊಡ್ಡದು ಬರೋದಾದ್ರೆ ಹೆಚ್ಚಾಗಿ ಈ ಎರಡು ದಿನ, ಈ ಒಂದು ವಾರದಲ್ಲೇ ಬರತ್ತೆ.”

ಕೊಬ್ಬು ಇಳಿಸಬೇಕು ಎಂದೂ ಅವರು ಸೇರಿಸಿದರು. ಆ ಮಾತನ್ನು ಗಂಡನ ಸ್ವಭಾವಕ್ಕೆ ಅನ್ವಯಿಸಿಕೊಂಡ ಭಾನುಮತಿಯವರು ಜೋರಾಗಿ ತಲೆಯಾಡಿಸಿದರು.

ಯಲ್ಲಪ್ಪನವರ ಕಣ್ಣುಗಳು ಹೊಳೆಯುತ್ತಿದ್ದವು. ಹೊಸ ಬಗೆಯ ಪೈಪೊಂದರ ಬಗ್ಗೆ ಕೇಳಿದ ಫಿಟ್ಟರನ ಕಣ್ಣು ಅವು. ಆದರೆ ನಂಬಿಕೆ ಬಂದಿರಲಿಲ್ಲ. “ಅಂದಾಜು ಅಂದ್ರೆಲ್ಲ, ಬಾಯಿ. ಕೊಯ್ದು ನೋಡೀರೇನು?”

“ಕೊಯ್ಯದೆ ನೋಡ್ತೀವಿ, ಬನ್ನಿ,” ಎಂದರು ಶ್ರೀರಕ್ಷಾ.

ಸ್ಕ್ಯಾನಿಂಗ್ ಕೋಣೆಯಲ್ಲಿ ಐವತ್ತು ದಾಟಿದ ಜಲಜಾ ಮೇಡಂ ಇದ್ದರು. ಕತ್ತಿಗೆ ತಣ್ಣಗಿನ ಅಂಟು ಹಚ್ಚಿ ಕೈಯಲ್ಲಿದ್ದ ಯಂತ್ರವನ್ನು ಬಲಗಡೆ ಒತ್ತಿದರು. ಪರದೆಯ ಮೇಲೆ ಬೂದು ಬಣ್ಣದ ಮೋಡಗಳು. ಯಲ್ಲಪ್ಪನವರಿಗೆ ಅದರಲ್ಲಿ ಏನೂ ಕಾಣಲಿಲ್ಲ. ಆಗ ಮೇಡಂ ಒಂದು ಗುಂಡಿ ಒತ್ತಿದರು, ಕೋಣೆಯ ತುಂಬ ಅವರದೇ ರಕ್ತದ ಸದ್ದು ಕೇಳಿಸತೊಡಗಿತು. ಧುಪ್ಪ್ ಹುಶ್, ಧುಪ್ಪ್ ಹುಶ್. ದಪ್ಪ ದನಿ, ಸಮಾಧಾನದ ದನಿ.

ಯಂತ್ರ ಎಡಗಡೆಗೆ, ಬಲಗೈಯನ್ನೂ ಮಾತನ್ನೂ ಆಳುವ ಎಡಮೆದುಳಿಗೆ ರಕ್ತ ಒಯ್ಯುವ ನಾಳದ ಮೇಲೆ ಬಂತು. ಅಲ್ಲಿ ದನಿ ಬೇರೆ. ಹಲ್ಲುಸಂದಿಯಿಂದ ಯಾರೋ ಸಿಳ್ಳೆ ಹಾಕಿದ ಹಾಗೆ, ಕಿರಿದಾಗಿ, ಮೊನಚಾಗಿ, ಬಡಿತಕ್ಕೊಂದು ಸಲ ಚೀರುತ್ತಿತ್ತು. ಮಲಗಿದ್ದ ಯಲ್ಲಪ್ಪನವರು ಥಟ್ಟನೆ ಕೈ ಎತ್ತಿದರು.

“ರುಕೋ ಮ್ಯಾಡಮ್. ಆವಾಜ್ ಬಢಾವ್.”

ಮೇಡಂ ಸದ್ದು ಹೆಚ್ಚಿಸಿದರು. ಯಲ್ಲಪ್ಪನವರು ಕಣ್ಣು ಮುಚ್ಚಿದರು. ಫ್ಯಾಕ್ಟರಿಯಲ್ಲಿ ಹೂತ ಲೈನನ್ನು ಪರೀಕ್ಷಿಸುವಾಗ ಅವರು ಕಬ್ಬಿಣದ ಸಲಾಕೆಯ ಒಂದು ತುದಿ ಪೈಪಿಗೂ ಇನ್ನೊಂದು ತುದಿ ಕಿವಿಗೂ ಹಚ್ಚಿ ಹೀಗೆಯೇ ನಿಲ್ಲುತ್ತಿದ್ದರಂತೆ. ಸೋರುವ ಪೈಪಿಗೆ ಒಂದು ದನಿ, ಬಿರುಕಿಗೆ ಒಂದು, ಇಕ್ಕಟ್ಟಿಗೆ ಇನ್ನೊಂದು.

“ಮುಕ್ಕಾಲು ಮುಚ್ಚಿದ ವಾಲ್ವ್,” ಎಂದರು. ಮತ್ತೆ ಕಿವಿಗೊಟ್ಟು, “ಮುಕ್ಕಾಲಿಗಿಂತ ಒಂದು ಎಳಿ ಜಾಸ್ತಿ.”

ಜಲಜಾ ಮೇಡಂ ಪರದೆಯ ಮೇಲೆ ಗೆರೆ ಎಳೆದು, ವೇಗ ಅಳೆದು, ಲೆಕ್ಕ ಹಾಕಿದರು. ನಾಳ ನೂರಕ್ಕೆ ಎಂಬತ್ತರ ಹತ್ತಿರ ಮುಚ್ಚಿತ್ತು. “ಕಾಕಾ, ತುಮ್ಹಾಲಾ ಕಸಂ ಕಳಲಂ?” ನಿಮಗೆ ಹೇಗೆ ತಿಳಿಯಿತು ಎಂದು ಬೆರಗಾಗಿ ಕೇಳಿದರು.

ಯಲ್ಲಪ್ಪನವರು ಮಂಚದಿಂದ ಇಳಿದರು. ಅಂಟು ಒರೆಸಿಕೊಳ್ಳುತ್ತ ಹೊರಗೆ ಬಂದು ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕುಳಿತರು. ಹೇಳಿದರು: “ಗಾಳಿ ಅಲ್ಲ ಭಾನೂ. ಗಾಳಿ ಹಿಂಗ ಕೂಗೂದಿಲ್ಲ.”

ಅಂದೇ ಅವರನ್ನು ದಾಖಲು ಮಾಡಿಕೊಂಡು ರಕ್ತ ಹೆಪ್ಪುಗಟ್ಟದಂತೆ ಔಷಧಿ ಶುರು ಮಾಡಿದರು. ಕತ್ತಿನ ನಾಳ ತೆರೆದು ಗಂಟನ್ನೇ ತೆಗೆದುಬಿಡುವುದು ಒಳ್ಳೆಯದು, ಅದೂ ಬೇಗ, ಎಂದು ರಕ್ತನಾಳಗಳ ಶಸ್ತ್ರಚಿಕಿತ್ಸಕ ಉಮಾಪತಿ ಹೇಳಿದರು. ಗುರುವಾರಕ್ಕೆ ನಿಗದಿಯಾಯಿತು. ನಡುವೆ ಮೂರು ದಿನ. ಆ ಮೂರು ದಿನ ಯಾವ ಕ್ಷಣದಲ್ಲಾದರೂ ಇನ್ನೊಂದು ಚೂರು ಹಾರಬಹುದಿತ್ತು. ಭಾನುಮತಿಯವರು ಗಂಟೆಗೊಂದು ಸಲ ಗಂಡನನ್ನು ಮಾತನಾಡಿಸಿ ನೋಡುತ್ತಿದ್ದರು. “ನಿಮ್ಮ ಹೆಸರೇನ್ರಿ?” ಎಂದು ಹೆಂಡತಿ ಗಂಡನನ್ನು ಕೇಳುವುದೂ, ಆತ “ಮದಿವಿ ಆಗಿ ನಲವತ್ತು ವರ್ಷಕ್ಕ ಕೇಳಾಕತ್ತೀ?” ಎನ್ನುವುದೂ ವಾರ್ಡಿನ ಎಲ್ಲರಿಗೂ ಬಾಯಿಪಾಠವಾಯಿತು.

ಯಲ್ಲಪ್ಪನವರಿಗೆ ಹತ್ತಿದ ಚಿಂತೆ ಬೇರೆ. ಬೆಳಿಗ್ಗೆ ಶ್ರೀರಕ್ಷಾ ಬಂದೊಡನೆ ಕೇಳುತ್ತಿದ್ದರು. “ಬಾಯಿ, ಇದು ಶುರು ಯಾವಾಗ ಆಗಿರಬೇಕು?”

“ಮೊದಲ ಕೊಬ್ಬಿನ ಗೆರೆ ಎಷ್ಟೋ ಜನಕ್ಕೆ ಇಪ್ಪತ್ತರ ಆಸುಪಾಸಲ್ಲೇ ಬಿದ್ದಿರತ್ತೆ ಕಾಕಾ.”

“ಇಪ್ಪತ್ತರಾಗ ನಾ ಗದಗಿನಾಗ ಐಟಿಐ ಕಲಿಯಾಕತ್ತಿದ್ದೆ.” ಅವರು ಚಾವಣಿ ನೋಡುತ್ತ ಲೆಕ್ಕ ಹಾಕಿದರು. “ಅಂದ್ರ ಇಲ್ಲಿಗೆ ಬರೂ ಮುಂಚೆನ ಇದು ನನ್ನ ಜೋಡಿ ರೈಲು ಹತ್ತೇತಿ. ಕ್ವಾರ್ಟರ್ಸ್ ಸಿಕ್ಕಾಗ ನಂಗ ಮೂವತ್ತು. ಖರ್ರಾ ಆವಾಗ ಹತ್ತಿದ್ದು, ಬಾಯ್ಲರ್ ಪಕ್ಕ ನಿಂತಾಗ ನಿದ್ದಿ ಬರಬಾರದು ಅಂತ. ಆವಾಗ ಎಷ್ಟಿತ್ತು?”

“ಗೋಡೆ ಒಳಗೆ ಒಂದು ಹಳದಿ ಗೆರೆ ಅಷ್ಟೇ ಇದ್ದಿರಬಹುದು. ಯಾರೂ ನೋಡಿಲ್ಲ, ನಾನೂ ಅಂದಾಜಲ್ಲೇ ಹೇಳ್ತಿದ್ದೀನಿ.”

“ಚಾರ್ಜ್‌ಮನ್ ಆದಾಗ?”

“ಆಗ ಗಂಟು ಇದ್ದೇ ಇರಬೇಕು. ಬಿಪಿ ಏರಿತ್ತಲ್ಲ ನಿಮಗೆ ಆ ಹೊತ್ತಿಗೆ.”

ಪ್ರಮೋಷನ್ನಿಗೆ ಹಂಚಿದ ಪೇಢೆ, ಹೃಷಿಕೇಶನ ಮುಂಜಾನೆಯ ಶಾಲೆ, ಬಾಡಿಗೆ ಮನೆ, ಸ್ವಂತ ಫ್ಲಾಟು. ತಮ್ಮ ಬದುಕು ಬೆಳೆದ ಒಂದೊಂದು ಮೆಟ್ಟಿಲಲ್ಲೂ ಕತ್ತಿನೊಳಗೆ ಇನ್ನೊಂದು ಸದ್ದಿಲ್ಲದೆ ಬೆಳೆಯುತ್ತಿತ್ತು ಎಂಬುದು ಅವರಿಗೆ ಹೆದರಿಕೆಗಿಂತ ಹೆಚ್ಚಾಗಿ ಆಶ್ಚರ್ಯ ತಂದಿತು. ನಲವತ್ತೈದು ವರ್ಷದ ಕೆಲಸ, ಒಂದು ದಿನವೂ ರಜೆ ಇಲ್ಲ. “ಇಂಥಾ ಫಿಟ್ಟರ್ ನನ್ನ ಕೈಯಾಗ ಒಬ್ಬನೂ ಇರಲಿಲ್ಲ,” ಎಂದರು. ಆಮೇಲೆ ಮಂಚದ ಪಕ್ಕದಲ್ಲಿ ನಿಂತಿದ್ದ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮೂವತ್ತೆಂಟರ ಹೃಷಿಕೇಶ ಏನೂ ಹೇಳಿಸಿಕೊಳ್ಳದೆ ಹೊಟ್ಟೆ ಒಳಗೆ ಎಳೆದುಕೊಂಡ.

ಬುಧವಾರ ಉಮಾಪತಿ ಸಹಿ ಮಾಡಿಸಿಕೊಳ್ಳಲು ಬಂದರು. ಯಲ್ಲಪ್ಪನವರು ನೇರವಾಗಿ ಕೇಳಿದರು. “ಕೊಯ್ಯೂವಾಗನ ಚೂರು ಹಾರಿದ್ರ?”

“ನೂರಕ್ಕೆ ಮೂರು ನಾಲ್ಕು ಜನಕ್ಕೆ ಹಾಗೆ ಆಗುತ್ತದೆ. ಸುಳ್ಳು ಹೇಳುವುದಿಲ್ಲ.”

“ಕೊಯ್ಯದ ಬಿಟ್ರ?”

“ನಿಮ್ಮಷ್ಟು ಇಕ್ಕಟ್ಟಾಗಿ, ಒಮ್ಮೆ ಹೀಗೆ ಆದವರಲ್ಲಿ, ಬರೀ ಮಾತ್ರೆಯ ಮೇಲೆ ಬಿಟ್ಟರೆ ಎರಡು ವರ್ಷದಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನಕ್ಕೆ.”

ಯಲ್ಲಪ್ಪನವರು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಂಡರು. ಆ ಕೈಯಿಂದಲೇ, ಚಾರ್ಜ್‌ಮನ್ ಶಿಫ್ಟ್ ರಿಪೋರ್ಟಿಗೆ ಹಾಕುವ ಹಾಗೆ ಅಕ್ಷರ ಬಿಡಿಸಿ, ಸಹಿ ಹಾಕಿದರು. ಭಾನುಮತಿಯವರು ಗೋಡೆಯ ಕಡೆ ತಿರುಗಿ ನಿಂತರು.

ಗುರುವಾರ ಕತ್ತಿನ ಎಡಭಾಗಕ್ಕೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟು, ರೋಗಿಯನ್ನು ಎಚ್ಚರವಾಗಿಟ್ಟೇ ಶಸ್ತ್ರಚಿಕಿತ್ಸೆ. ನಾಳವನ್ನು ಸ್ವಲ್ಪ ಹೊತ್ತು ಬಿಗಿದು ಹಿಡಿಯಬೇಕು. ಆಗ ಮೆದುಳಿಗೆ ರಕ್ತ ಸಾಲುತ್ತಿದೆಯೇ ಎಂದು ತಿಳಿಯಲು ರೋಗಿಯೇ ಮಾಪಕ. ಬಲಗೈಗೆ ಒತ್ತಿದರೆ ಪೀಂ ಎನ್ನುವ ರಬ್ಬರ್ ಬಾತುಕೋಳಿಯೊಂದನ್ನು ಕೊಟ್ಟರು. ‘ದಬಾವ್’ ಎಂದಾಗಲೆಲ್ಲ ಒತ್ತಬೇಕು, ಕೇಳಿದ್ದಕ್ಕೆ ಉತ್ತರಿಸಬೇಕು. ಒಳಗೆ ಏನಾಯಿತೆಂದು ಆಮೇಲೆ ಉಮಾಪತಿಯವರೇ ನಮಗೆ ಹೇಳಿದರು.

ನಾಳ ಬಿಗಿದಾಯಿತು. “ದಬಾವ್.” ಪೀಂ. “ಹೆಸರು?” “ಯಲ್ಲಪ್ಪ.” “ದಬಾವ್.” ಪೀಂ. ಗೋಡೆ ಸೀಳಿದಾಯಿತು. “ದಬಾವ್.”

ಸದ್ದಿಲ್ಲ.

“ಕಾಕಾ, ದಬಾವ್!”

ಇಲ್ಲ. ಉಮಾಪತಿ ತಲೆ ಎತ್ತಿದರು. ರಕ್ತವನ್ನು ಬಳಸುದಾರಿಯಲ್ಲಿ ಕಳಿಸುವ ಸಣ್ಣ ಕೊಳವೆಗೆ ನರ್ಸು ಕೈ ಹಾಕಿದರು. ಹೊರಗೆ ಕುಳಿತ ಭಾನುಮತಿಯವರಿಗೆ ಆ ನಾಲ್ಕು ಸೆಕೆಂಡುಗಳ ವಿಷಯ ಗೊತ್ತಾಗಲಿಲ್ಲ ಎನ್ನುವುದೇ ಒಳ್ಳೆಯದು.

ಹಸಿರು ಬಟ್ಟೆಯ ಕೆಳಗಿನಿಂದ ದನಿ ಬಂತು. “ಡಾಕ್ಟರ್ ಸಾಬ್, ಲೈಟಿನ ಅಂಚಿನಾಗ ಏನೋ ಕಾಣಾಕತ್ತೇತಿ. ಅದು ನಂದ ಏನು?” ಮೇಲಿನ ದೀಪದ ಹೊಳೆಯುವ ಅಂಚಿನಲ್ಲಿ ತಮ್ಮ ಕತ್ತಿನ ಪ್ರತಿಬಿಂಬ ಹುಡುಕುವುದರಲ್ಲಿ ಅವರು ಮುಳುಗಿದ್ದರು. ಉಮಾಪತಿಯವರು ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಮೇಜಿನ ಮೇಲಿನ ರೋಗಿಗೆ ಬೈದರಂತೆ. ಅನಂತರ ಬಾತುಕೋಳಿ ಒಂದು ಸಲವೂ ತಪ್ಪಲಿಲ್ಲ.

ಸಂಜೆ ನಾವು ಒಳಗೆ ಹೋದಾಗ ಅವರು ಕತ್ತಿಗೆ ಪಟ್ಟಿ ಸುತ್ತಿಕೊಂಡು ಒರಗಿ ಕುಳಿತಿದ್ದರು. ಮಾತು ಇತ್ತು, ಕೈ ಇತ್ತು. ಶ್ರೀರಕ್ಷಾ ಒಂದು ಚಿಕ್ಕ ಬಾಟಲಿ ತಂದಿದ್ದರು. ಅದರಲ್ಲಿ ಕಿರುಬೆರಳಿನ ಅರ್ಧದಷ್ಟು ಉದ್ದದ, ಕವಲೊಡೆದ, ಹಳದಿ ಬಣ್ಣದ ಒಂದು ವಸ್ತು. ಒಂದು ಕಡೆ ಎಲುಬಿನಂತೆ ಗಟ್ಟಿ. ಇನ್ನೊಂದು ಕಡೆ ಗಟ್ಟಿಯಾದ ತುಪ್ಪದಂತೆ ಮೆತ್ತಗೆ. ನಡುವೆ ಸಣ್ಣದೊಂದು ಹುಣ್ಣಿನ ಕುಳಿ, ಕುಳಿಯಲ್ಲಿ ಕಪ್ಪುಗೆಂಪು ಚುಕ್ಕೆ.

ಯಲ್ಲಪ್ಪನವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. “ಇಷ್ಟ?” ಎಂದರು.

“ಇಷ್ಟೇ.”

“ಇದಕ್ಕ ನಿಂಬಿಹುಳಿ ಏನೂ ಮಾಡೂದಿಲ್ಲ.”

“ಇಲ್ಲ ಕಾಕಾ. ನಿಂಬೆಹಣ್ಣು ಹೊಟ್ಟೆಗೆ ಹೋಗತ್ತೆ, ಅಲ್ಲಿಗೆ ಅದರ ಕೆಲಸ ಮುಗೀತು.”

“ಬಲಗಡಿ ಎಷ್ಟೈತಿ? ಎದ್ಯಾಗ? ಕಾಲಾಗ?”

“ಇದ್ದೇ ಇರತ್ತೆ. ಒಂದೇ ವಯಸ್ಸಿನ ಪೈಪುಗಳು, ಒಂದೇ ನೀರು ಕುಡಿದಿದ್ದು. ಎಲ್ಲ ಕಡೆ ಕೊಯ್ಯೋಕಾಗಲ್ಲ.” ಅವರು ಒಂದು ಪುಟ್ಟ ಬಟ್ಟಲು ಮುಂದಿಟ್ಟರು. ಅದರಲ್ಲಿ ಮೂರು ಮಾತ್ರೆ. “ಇದು ಪ್ರೆಶರಿಗೆ, ಇದು ಹೆಪ್ಪುಗಟ್ಟದ ಹಾಗೆ, ಇದು ಕೊಬ್ಬು ಇಳಿಸಿ ಉಳಿದ ಗಂಟುಗಳ ಮುಚ್ಚಳ ಗಟ್ಟಿ ಮಾಡೋಕೆ. ದಿನಾ. ತಲೆ ನೋಯಲಿ, ನೋಯದೇ ಇರಲಿ. ಖರ್ರಾ ಇವತ್ತಿಗೆ ಬಂದ್.”

ಯಲ್ಲಪ್ಪನವರು ಮಾತ್ರೆಗಳನ್ನು ಅಂಗೈಗೆ ಸುರುವಿಕೊಂಡು ಅನುಮಾನದಿಂದ ನೋಡಿದರು. “ಇವು ಕೆಲಸ ಮಾಡಾಕತ್ತಾವು ಅಂತ ನನಗ ಹೆಂಗ ಗೊತ್ತಾಗಬೇಕು?”

“ಗೊತ್ತಾಗಲ್ಲ,” ಎಂದರು ಶ್ರೀರಕ್ಷಾ. “ಏನೂ ಆಗಲ್ಲ. ಇವತ್ತು ಏನೂ ಆಗಲ್ಲ, ನಾಳೆ ಏನೂ ಆಗಲ್ಲ, ಹತ್ತು ವರ್ಷ ಏನೂ ಆಗಲ್ಲ. ಅದೇ ಇವುಗಳ ಕೆಲಸ.”

ಚಾರುಲತಾ ಅರ್ಥವಾಗದೆ ಗಂಡನ ಮುಖ ನೋಡಿದಳು. ಯಲ್ಲಪ್ಪನವರು ಮಾತ್ರ ನಿಧಾನವಾಗಿ ತಲೆಯಾಡಿಸಿದರು. ಮೂವತ್ತೇಳು ವರ್ಷ ಮೇಂಟೆನೆನ್ಸಿನಲ್ಲಿ ದುಡಿದವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿರಲಿಲ್ಲ. ಪೈಪು ಒಡೆದ ದಿನ ಸಾಹೇಬರು ಓಡಿ ಬರುತ್ತಾರೆ. ಒಡೆಯದ ಸಾವಿರ ದಿನಗಳನ್ನು ಯಾರು ಕಾದರು ಎಂದು ಯಾರೂ ಕೇಳುವುದಿಲ್ಲ.

“ಇವು ಮೇಂಟೆನೆನ್ಸ್ ಡಿಪಾರ್ಟ್‌ಮೆಂಟ್ ಅನ್ರಲ್ಲ ಮತ್ತ,” ಎಂದು ಹೆಂಡತಿಯ ಕಡೆ ಎಡಗೈ ಚಾಚಿದರು. “ಏ ಭಾನೂ, ನೀರು ಕೊಡ.”